ಕನ್ನಡದ ದಪ್ಪಕ್ಷರ

ಕೊಲ್ಲೂರಿನ ಶ್ರೀ ಮೂಕಾಂಬಿಕಾ ದೇವಾಲಯದ ಸರಸ್ವತೀ ಮಂಟಪದಲ್ಲಿ ವಿಜಯದಶಮಿಯಂದು ನಡೆಯುವ ವಿದ್ಯಾರಂಭವು ವಾಚಕರಿಗೆ ವಿದಿತವಾದುದೇ ಆಗಿದೆ. ಅಕ್ಕಿಯ ಹರಿವಾಣದಲ್ಲಿ ಮಗುವಿನ ಬೆರಳನ್ನು ಹಿಡಿದು ಬರೆಯಿಸುವ ಆ ಮೊದಲ ಅಕ್ಷರಕ್ಕೆ ದಪ್ಪ, ತೆಳುವು ಎಂಬ ಭೇದವಿಲ್ಲ. ಬೆರಳೆಷ್ಟು ಅಗಲವೋ ಗೆರೆಯೂ ಅಷ್ಟೇ ಅಗಲ. ಆದರೆ ದೇವಾಲಯದಿಂದ ಬೀದಿಗೆ ಬಂದೊಡನೆ ಅದೇ ಮಗುವಿನ ಕಣ್ಣಿಗೆ ಬೀಳುವ ಅಕ್ಷರಗಳ ಜಾತಿಯೇ ಬೇರೆ. ವಸತಿಗೃಹದ ನೆತ್ತಿಯ ಮೇಲೆ, ಅಂಗಡಿಯ ಬಾಗಿಲಲ್ಲಿ, ಬಸ್ಸಿನ ಹಣೆಯಲ್ಲಿ, ಗೋಡೆಗೆ ಅಂಟಿಸಿದ ಕಾಗದದಲ್ಲಿ ದೂರದಿಂದಲೇ ಕೂಗಿ ಕರೆಯುವ ದಪ್ಪಕ್ಷರಗಳವು. ಪುಸ್ತಕದ ಅಕ್ಷರವನ್ನು ಓದುವವನು ಅದರ ಬಳಿಗೆ ತಾನೇ ಹೋಗುತ್ತಾನೆ. ದಪ್ಪಕ್ಷರವಾದರೋ ಓದುವವನ ಬಳಿಗೆ ತಾನೇ ಬರುತ್ತದೆ. ಗ್ರಂಥಗಳ ಚರಿತ್ರೆಯನ್ನೂ ಕವಿಗಳ ಚರಿತ್ರೆಯನ್ನೂ ಬರೆದವರು ಹಲವರು. ಬೀದಿಯ ಈ ಅಕ್ಷರಕ್ಕೂ ಒಂದು ಚರಿತ್ರೆಯುಂಟೆಂಬುದನ್ನು ಎಣಿಸಿದವರು ವಿರಳ.

ದಪ್ಪಕ್ಷರವೆಂದರೆ ತೆಳ್ಳಗಿನ ಅಕ್ಷರವನ್ನೇ ದಪ್ಪ ಮಾಡಿದುದು ಎಂದು ಮೇಲುನೋಟಕ್ಕೆ ತೋರುವುದು. ವಾಸ್ತವದಲ್ಲಿ ಹಾಗಲ್ಲ. ಪಾಶ್ಚಾತ್ಯ ದೇಶಗಳ ಅಕ್ಷರ ಶಿಲ್ಪಿಗಳು ಇದರಲ್ಲಿ ಹಲವು ಬಗೆಗಳನ್ನು ಕಂಡಿರುವರು. ಗೆರೆಯ ತುದಿಗೆ ಅಡ್ಡಲಾಗಿ ಹಾಕುವ ಚಿಕ್ಕ ಕಟ್ಟಿಗೆ ಸೆರಿಫ್ ಎಂದು ಹೆಸರು. ಕೆಲವು ಅಕ್ಷರಗಳಲ್ಲಿ ಈ ಕಟ್ಟು ಬೇರೆಯಾಗಿ ಅಂಟಿಸಿದಂತಿರುತ್ತದೆ. ಕೆಲವದರಲ್ಲಿ ಅದು ಇಲ್ಲವೇ ಇಲ್ಲ. ಇವೆರಡರ ನಡುವೆ ಮೂರನೆಯದೊಂದು ಜಾತಿಯುಂಟು. ಅದರಲ್ಲಿ ಗೆರೆಯು ನಡುವಿನಲ್ಲಿ ಕೊಂಚ ಸಣ್ಣಗಾಗಿ, ತುದಿಯ ಕಡೆಗೆ ಬರುಬರುತ್ತ ಮೆಲ್ಲನೆ ಅಗಲವಾಗಿ ಅರಳುತ್ತದೆ. ಕಟ್ಟು ಬೇರೆಯಲ್ಲ, ಗೆರೆ ಬೇರೆಯಲ್ಲ. ಅದನ್ನು ಅರಳುತುದಿಯ ಅಕ್ಷರವೆಂದು ಕರೆಯೋಣ. ಈ ಜಾತಿಯು ನಮಗೆ ಹೊರಗಿನಿಂದ ಬಂದುದೆಂದು ತಿಳಿಯುವವರು ಒಮ್ಮೆ ಘಟ್ಟವನ್ನು ಹತ್ತಿ ತಾಳಗುಂದಕ್ಕೆ ಹೋಗಿ ನೋಡಬೇಕು.

ಶಿಕಾರಿಪುರ ತಾಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಕಾಲದ ಶಿಲಾಸ್ತಂಭವೊಂದಿದೆ. ಐದನೆಯ ಶತಮಾನದ್ದು, ಭಾಷೆ ಸಂಸ್ಕೃತ, ಮಯೂರಶರ್ಮನ ವೃತ್ತಾಂತವನ್ನು ಹೇಳುವ ಕಾವ್ಯ. ಕವಿಯ ಹೆಸರು ಕುಬ್ಜ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಅವನು ಹೇಳಿಕೊಂಡಿರುವುದು ಪ್ರಕೃತ ವಿಷಯಕ್ಕೆ ಬಹಳ ಮುಖ್ಯವಾದುದು. ಕವಿಯು ಬರೆದುಕೊಟ್ಟುದನ್ನು ಕಲ್ಲುಕುಟಿಗನು ತನಗೆ ತೋಚಿದಂತೆ ಕೊರೆದುದಲ್ಲ. ಅಕ್ಷರದ ರೂಪದಲ್ಲಿಯೂ ವಿದ್ವಾಂಸನ ಕೈ ಇದ್ದಿತು. ಈ ಶಾಸನದ ಅಕ್ಷರಗಳ ತಲೆಯ ಮೇಲೆ ಚಿಕ್ಕ ಚಿಕ್ಕ ಪೆಟ್ಟಿಗೆಗಳಿವೆ. ಲಿಪಿಶಾಸ್ತ್ರಜ್ಞರು ಇವುಗಳನ್ನು ಪೆಟ್ಟಿಗೆದಲೆಯ ಅಕ್ಷರಗಳೆಂದು ಕರೆಯುವರು. ಗೆರೆಯು ಎಲ್ಲಿ ಆರಂಭವಾಗುವುದೋ ಅಲ್ಲಿ ಅದಕ್ಕೊಂದು ತೂಕ, ಒಂದು ಗೌರವ. ಕಾಲಕ್ರಮದಲ್ಲಿ ಈ ಪೆಟ್ಟಿಗೆಯು ಚಪ್ಪಟೆಯಾಗಿ ಅಡ್ಡಗೆರೆಯಾಯಿತು. ಅಡ್ಡಗೆರೆಯ ಬಲತುದಿಯು ಮೇಲಕ್ಕೆ ಬಾಗಿ ಇಂದು ನಾವು ಬರೆಯುವ ತಲೆಕಟ್ಟಾಯಿತು. ಶಾಲೆಯ ಮಕ್ಕಳು ಬರೆಯಲು ಬೇಸರಪಟ್ಟು ಬಿಟ್ಟುಬಿಡುವ ಆ ತಲೆಕಟ್ಟಿಗೆ ಒಂದೂವರೆ ಸಾವಿರ ವರ್ಷಗಳ ವಂಶಾವಳಿಯಿದೆ!

ಕರಾವಳಿಯಲ್ಲಿಯೂ ಕಲ್ಲಕ್ಷರಗಳಿಗೆ ಕೊರತೆಯಿಲ್ಲ. ಬ್ರಹ್ಮಾವರದ ಸೀಮೆಯ ವಡ್ಡರ್ಸೆಯಲ್ಲಿ ದೊರೆತ ಆಳುವರಸರ ಶಾಸನವು ಏಳನೆಯ ಶತಮಾನದ್ದೆಂದೂ ಈ ಕರಾವಳಿಯ ಕನ್ನಡ ಶಾಸನಗಳಲ್ಲೆಲ್ಲ ಹಳೆಯದೆಂದೂ ವಿದ್ವಾಂಸರ ಮತ. (ಅದೇ ವಡ್ಡರ್ಸೆಯವರಾದ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ಪತ್ರಿಕೆಯನ್ನು ಹೊರಡಿಸಿದರು. ಕಲ್ಲಿನ ಸುದ್ದಿಗೂ ಕಾಗದದ ಸುದ್ದಿಗೂ ಒಂದೇ ಊರು!) ಉದ್ಯಾವರ, ಬಾರಕೂರುಗಳ ಶಾಸನಗಳು ಅನೇಕ. ಇವೆಲ್ಲವೂ ಬಯಲಿನಲ್ಲಿ, ದೇವಾಲಯದ ಅಂಗಳದಲ್ಲಿ ನಿಂತು, ಹಾದುಹೋಗುವ ಜನರಿಗೆ ಅರಸನ ಅಪ್ಪಣೆಯನ್ನೋ ದತ್ತಿಯ ಕಟ್ಟಳೆಯನ್ನೋ ಸಾರುತ್ತಿದ್ದುವು. ಅಂದ ಮೇಲೆ ಸಾರುವ ಅಕ್ಷರವೆಂಬುದು ಅಚ್ಚುಕೂಟದೊಡನೆ ಹುಟ್ಟಿದುದಲ್ಲ.

ರೋಮಕರಲ್ಲಿಯೂ ಹೀಗೆಯೇ. ಕ್ರಿ.ಶ. 113ರಲ್ಲಿ ನಿಲ್ಲಿಸಿದ ಟ್ರಾಜನ್ ಚಕ್ರವರ್ತಿಯ ಸ್ತಂಭದ ಪೀಠದಲ್ಲಿರುವ ಅಕ್ಷರಗಳನ್ನು ಯೂರೋಪಿನವರು ಇಂದಿಗೂ ಆದರ್ಶವೆಂದು ಭಾವಿಸುವರು. ಅವುಗಳ ತುದಿಯ ಕಟ್ಟು ಉಳಿಯ ಪೆಟ್ಟಿನಿಂದ ಹುಟ್ಟಿತೆಂಬುದು ಬಹುಕಾಲದ ನಂಬಿಕೆಯಾಗಿದ್ದಿತು. ಎಡ್ವರ್ಡ್ ಕ್ಯಾಟಿಚ್ ಎಂಬ ಅಮೆರಿಕದ ಪಾದ್ರಿಯು 1968ರಲ್ಲಿ ಗ್ರಂಥವೊಂದನ್ನು ಬರೆದು, ಅಕ್ಷರಗಳನ್ನು ಮೊದಲು ಚಪ್ಪಟೆ ಕುಂಚದಿಂದ ಕಲ್ಲಿನ ಮೇಲೆ ಬರೆದು ಅನಂತರ ಕೊರೆದರೆಂದೂ, ತುದಿಯ ಅರಳುವಿಕೆಯು ಕುಂಚವನ್ನು ತಿರುಗಿಸುವುದರಿಂದ ಬಂದುದೆಂದೂ ಸಾಧಿಸಿದನು. ಕುಬ್ಜನ ಮಾತನ್ನು ನೆನೆದರೆ ನಮಗೆ ಇದು ಆಶ್ಚರ್ಯವಲ್ಲ. ಕಲ್ಲಿನ ಮೇಲೆ ಮೊದಲು ಬರೆಯುವ ಕೈ, ಬಳಿಕ ಕೊರೆಯುವ ಉಳಿ.

ಇನ್ನು ಓಲೆಗರಿಯ ವಿಚಾರ. ಗರಿಯ ಮೇಲೆ ಉಕ್ಕಿನ ಕಂಟದಿಂದ ಗೀರಿ, ಆಮೇಲೆ ಮಸಿಯನ್ನು ಸವರಿ ಒರೆಸಿದರೆ ಗೀರಿನಲ್ಲಿ ಮಾತ್ರ ಮಸಿ ಉಳಿಯುವುದು. ಗೆರೆಗೆ ಎಲ್ಲೆಡೆಯೂ ಒಂದೇ ಅಗಲ. ಎಳೆಗಳ ಗುಂಟ ನೇರವಾಗಿ ಒತ್ತಿ ಎಳೆದರೆ ಗರಿಯು ಸೀಳುವ ಭಯ. ಆದುದರಿಂದ ಅಕ್ಷರಗಳು ದುಂಡಗಾದುವು. ಈ ಸೀಮೆಯ ವೈದಿಕರು ಸಂಸ್ಕೃತ ಗ್ರಂಥಗಳಿಗೆ ಬಳಸುತ್ತಿದ್ದ ತಿಗಳಾರಿಯೂ ಇಂಥದೇ ದುಂಡು ಲಿಪಿ. ಕಲ್ಲಿನ ಕನ್ನಡವು ತೂಕವುಳ್ಳದ್ದಾಗಿದ್ದರೆ ಓಲೆಯ ಕನ್ನಡವು ನೂಲೆಳೆಯಂತಹುದು. ಓದುವುದಕ್ಕೆ ಓಲೆ, ಸಾರುವುದಕ್ಕೆ ಕಲ್ಲು ಎಂಬ ಈ ವಿಭಾಗವು ಶತಮಾನಗಳ ಕಾಲ ನಡೆಯಿತು. ಅಚ್ಚುಕೂಟವು ಬಂದಾಗ ಅದಕ್ಕೆ ಆದರ್ಶವಾಗಿ ಸಿಕ್ಕಿದುದು ಓಲೆಯ ಹಾಗೂ ಕಡತದ ಅಕ್ಷರವೇ ಹೊರತು ಕಲ್ಲಿನದಲ್ಲ. ಮುಂದಿನ ತೊಡಕುಗಳಿಗೆಲ್ಲ ಇದೇ ಮೂಲ.

ಕನ್ನಡದ ಅಚ್ಚು ಆರಂಭವಾದುದು ಕನ್ನಡ ನಾಡಿನ ಹೊರಗೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮೆಕೆರೆಲ್ಲನ ವ್ಯಾಕರಣವು 1820ರಲ್ಲಿ ಮದರಾಸಿನಲ್ಲಿ. ಕರಾವಳಿಗೆ ಬಾಸೆಲ್ ಮಿಶನ್ನಿನವರು ಬಂದುದು 1834ರಲ್ಲಿ. ಅವರು ಮಂಗಳೂರಿನಲ್ಲಿ 1841ರಲ್ಲಿ ಸ್ಥಾಪಿಸಿದ ಅಚ್ಚುಕೂಟದಲ್ಲಿ ಮೊದಲು ಇದ್ದುದು ಮೊಳೆಯ ಅಚ್ಚಲ್ಲ, ಕಲ್ಲಚ್ಚು. ನಯವಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಶಾಯಿಯನ್ನು ಉರುಳಿಸಿದರೆ ಬರೆದ ಕಡೆಗೆ ಮಾತ್ರ ಶಾಯಿ ಹಿಡಿಯುವುದು. ಬವೇರಿಯದ ಸೆನೆಫೆಲ್ಡರನು 1796ರಲ್ಲಿ ಕಂಡುಹಿಡಿದ ಉಪಾಯವಿದು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗನು ಹೊರಡಿಸಿದ ‘ಮಂಗಳೂರ ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ, ಅಚ್ಚಾದುದು ಹೀಗೆ. ಅವನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ 1848ರಿಂದ ಪ್ರಕಟಿಸಿದ ಹಳೆಯ ಕಾವ್ಯಗಳೂ ಕಲ್ಲಚ್ಚಿನವೇ. ಕನ್ನಡದ ಅಕ್ಷರವು ಪುನಃ ಕಲ್ಲಿಗೆ ಬಂದಿತೆಂದು ವಿನೋದವಾಗಿ ಹೇಳಬಹುದು. ಆದರೆ ಅದೇ ವಿನೋದದಲ್ಲಿ ಸತ್ಯವೂ ಉಂಟು. ಕಲ್ಲಚ್ಚಿನಲ್ಲಿ ಲಿಪಿಕಾರನ ಕೈ ಸ್ವತಂತ್ರವಾಗಿರುತ್ತದೆ. ತಲೆಬರಹವನ್ನು ದಪ್ಪವಾಗಿ, ಬೇಕಾದ ಕಡೆ ಅರಳಿಸಿ, ಬೇಕಾದ ಕಡೆ ಕುಗ್ಗಿಸಿ ಬರೆಯಲು ಅಲ್ಲಿ ಅಡ್ಡಿಯಿಲ್ಲ.

ಮೊಳೆಯ ಅಚ್ಚಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ‘ಸಮಾಚಾರ’ವೇ 1844ರಲ್ಲಿ ಮೊಳೆಯ ಅನುಕೂಲಕ್ಕಾಗಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮಂಗಳೂರಿಗೆ ಮೊಳೆಗಳು ಬಂದುದು 1851ರಲ್ಲಿ. ಮೊಳೆಯನ್ನು ಮಾಡುವ ಕ್ರಮವನ್ನು ಕೊಂಚ ವಿವರಿಸಬೇಕು. ಉಕ್ಕಿನ ಸಲಾಕೆಯ ತುದಿಯಲ್ಲಿ ಅಕ್ಷರವನ್ನು ಎಡಬಲ ತಿರುಗಿಸಿ ಉಬ್ಬಾಗಿ ಕೊರೆಯಬೇಕು. ಅದನ್ನು ತಾಮ್ರದ ತುಂಡಿನ ಮೇಲೆ ಹೊಡೆದು ಕುಳಿ ಮಾಡಬೇಕು. ಆ ಕುಳಿಗೆ ಸೀಸದ ಪಾಕವನ್ನು ಎರೆದರೆ ಒಂದು ಮೊಳೆ. ಇಂಗ್ಲೀಷಿನವರಿಗೆ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆಗಳೆಂದು ನೂರರ ಸುಮಾರಿನಲ್ಲಿ ಕೆಲಸ ಮುಗಿಯುವುದು. ಕನ್ನಡಕ್ಕೆ ಸ್ವರ, ವ್ಯಂಜನ, ಗುಣಿತ, ಒತ್ತು, ಅರ್ಕಾವೊತ್ತು ಎಂದು ನೂರಾರು ಸಲಾಕೆಗಳು. ಹೀಗಿರುವಲ್ಲಿ ಒಂದು ಗಾತ್ರದ ಮೊಳೆಯನ್ನು ಮಾಡಿಸುವುದೇ ಪ್ರಯಾಸ. ಅದೇ ಗಾತ್ರದಲ್ಲಿ ದಪ್ಪ ಮೊಳೆಯ ಇನ್ನೊಂದು ಪರಿವಾರವನ್ನು ಮಾಡಿಸುವವರು ಯಾರು? ಲಂಡನ್ನಿನಲ್ಲಿ 1845ರಲ್ಲಿಯೇ ರಾಬರ್ಟ್ ಬೆಸ್ಲಿಯ ಕಾರ್ಖಾನೆಯವರು ಸಾಧಾರಣ ಅಕ್ಷರದ ಜತೆಯಲ್ಲಿ ನಿಲ್ಲುವಂತಹ ಕ್ಲಾರೆಂಡನ್ ಎಂಬ ದಪ್ಪಕ್ಷರವನ್ನು ಹೊರತಂದಿದ್ದರು. ಕನ್ನಡದ ಅಚ್ಚುಕೂಟಗಳಲ್ಲಿ ಬಹುಕಾಲ ತಲೆಬರಹವೆಂದರೆ ಅದೇ ಅಕ್ಷರದ ದೊಡ್ಡ ಗಾತ್ರವಷ್ಟೆ.

ಇದರಿಂದ ಬಾಸೆಲ್ ಮಿಶನ್ನಿನ ಅಚ್ಚುಕೂಟದ ಹಿರಿಮೆಗೆ ಏನೂ ಕುಂದಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ಸುಮಾರು 70,000 ಶಬ್ದಗಳ ಕಿಟ್ಟೆಲರ ಕೋಶವನ್ನು 1894ರಲ್ಲಿ ಅಚ್ಚುಮಾಡಿದ ಕೂಟವದು. ಗ್ರಂಥಕ್ಕೆ ಬೇಕಾದ ಅಕ್ಷರವು ಅವರ ಕೈಯಲ್ಲಿ ಪಕ್ವವಾಯಿತೆಂಬುದರಲ್ಲಿ ಸಂದೇಹವಿಲ್ಲ. ಬೀದಿಗೆ ಬೇಕಾದ ಅಕ್ಷರದ ಚಿಂತೆಯು ಅವರದಾಗಿರಲಿಲ್ಲ.

ಆ ಚಿಂತೆಯು ಹುಟ್ಟಿದುದು ಪತ್ರಿಕೆಗಳೂ ನಾಟಕ ಕಂಪೆನಿಗಳೂ ಹೆಚ್ಚಿದ ಮೇಲೆ. ಈ ಸೀಮೆಯಲ್ಲಿ ಅದಕ್ಕೆ ಯಕ್ಷಗಾನವೂ ಕಾರಣವಾಯಿತು. ಮಂದಾರ್ತಿ, ಮಾರಣಕಟ್ಟೆಗಳಂತಹ ಹರಕೆಯಾಟದ ಮೇಳಗಳಿಗೆ ಪ್ರಚಾರದ ಅಗತ್ಯ ಕಡಿಮೆ. ಹರಕೆ ಹೊತ್ತವನ ಮನೆಯಂಗಳದಲ್ಲಿ ಚೆಂಡೆಯ ಸದ್ದೇ ಸಾಕು. ಟಿಕೇಟಿನ ಡೇರೆ ಮೇಳಗಳು, ಅಂದರೆ ಸಾಲಿಗ್ರಾಮ, ಪೆರ್ಡೂರು ಮೊದಲಾದುವು, ಊರೂರು ತಿರುಗತೊಡಗಿದಾಗ ಪ್ರಸಂಗದ ಹೆಸರನ್ನು ಮೂರು ಮಾರು ದೂರಕ್ಕೆ ಕಾಣುವಂತೆ ಅಚ್ಚುಮಾಡುವುದು ಅವಶ್ಯವಾಯಿತು. ದೊಡ್ಡ ಅಕ್ಷರವನ್ನು ಸೀಸದಲ್ಲಿ ಎರೆದರೆ ಭಾರ ಹೆಚ್ಚು, ಆರುವಾಗ ಮೈ ಸಮನಾಗಿ ನಿಲ್ಲದು. ಇದಕ್ಕೆ ಮರದ ಮೊಳೆಯೇ ಉಪಾಯವೆಂದು ನ್ಯೂಯಾರ್ಕಿನ ಡೇರಿಯಸ್ ವೆಲ್ಸನು 1827ರ ಹೊತ್ತಿಗೆ ಯಂತ್ರದಿಂದ ಕೊರೆಯುವ ಕ್ರಮವನ್ನು ತೋರಿಸಿದ್ದನು. ನಮ್ಮಲ್ಲಿ ಮರದ ಮೊಳೆಗಳೊಡನೆ ಬ್ಲಾಕು ಮಾಡಿಸುವುದೂ, ಚಿತ್ರಗಾರನಿಂದ ಬರೆಯಿಸುವುದೂ ರೂಢಿಯಾಯಿತು.

ಇಲ್ಲಿಯೇ ಮುಖ್ಯವಾದ ಪ್ರಶ್ನೆ. ಓಲೆಯ ನೂಲೆಳೆಯಂತಹ ಅಕ್ಷರವನ್ನು, ಅದರ ಗೆರೆಯನ್ನು ಎಲ್ಲ ಕಡೆಗೂ ಸಮನಾಗಿ ಉಬ್ಬಿಸಿ ದಪ್ಪ ಮಾಡಿದರೆ ಏನಾಗುವುದು? ಗೆರೆಯು ಹೊರಕ್ಕೆ ಉಬ್ಬಿದಷ್ಟೇ ಒಳಕ್ಕೂ ಉಬ್ಬುವುದು. ಅಕ್ಷರದ ಹೊಟ್ಟೆಯ ಬಯಲು ಮುಚ್ಚುವುದು. ಕನ್ನಡ ಲಿಪಿಯ ಭೇದಗಳೆಲ್ಲ ಇರುವುದು ಆ ಬಯಲಿನಲ್ಲಿಯೇ. ರಕಾರದ ಒಳಗೆ ಒಂದು ಚುಕ್ಕೆಯನ್ನಿಟ್ಟರೆ ಠಕಾರ. ಆ ಚುಕ್ಕೆಯು ಸುತ್ತಲಿನ ಗೆರೆಯೊಡನೆ ಕೂಡಿಕೊಂಡರೆ ಮಠವು ಮರವೋ ಮರವು ಮಠವೋ ದೂರದಿಂದ ಹೇಳುವುದು ಕಷ್ಟ. ದಕಾರದ ಕೆಳಗೆ ಒಂದು ಸೀಳನ್ನು ಕೊಟ್ಟರೆ ಧಕಾರ. ಸೀಳು ಮುಚ್ಚಿದರೆ ಧನವಂತನು ದನವಂತನಾಗುವನು. ಸೊನ್ನೆಯ ಟೊಳ್ಳು ತುಂಬಿದರೆ ಅದು ಬೊಟ್ಟು. ಮುದ್ರಾರಾಕ್ಷಸನ ಹಾವಳಿಯೆಂದು ಮೊಳೆ ಜೋಡಿಸುವವನನ್ನು ಬೈಯುವುದು ವಾಡಿಕೆ. ಈ ಸಂದರ್ಭದಲ್ಲಿ ಮಾತ್ರ ಜೋಡಿಸಿದವನು ನಿರಪರಾಧಿ, ಮೊಳೆಯೇ ಅಪರಾಧಿ. ಅಲ್ಪಪ್ರಾಣ ಮಹಾಪ್ರಾಣಗಳ ವಿವೇಕವಿಲ್ಲದೆ ಜನರು ಮಾತಾಡುವರೆಂದು ವಿದ್ವಾಂಸರು ನೊಂದುಕೊಳ್ಳುವರು. ಬೀದಿಯ ಫಲಕದಲ್ಲಿ ಆ ವಿವೇಕವು ಕಣ್ಣಿಗೇ ಕಾಣದಿದ್ದರೆ ನಾಲಗೆಗೆ ಎಲ್ಲಿಂದ ಬರಬೇಕು? ಅಕ್ಕಿಯ ಹರಿವಾಣದಿಂದ ಎದ್ದುಬಂದ ಮಗುವು ಕೂಡಿಸಿಕೂಡಿಸಿ ಓದಲು ಕಲಿಯುವುದು ಪಾಠಪುಸ್ತಕದಿಂದ ಎಷ್ಟೋ ಬಸ್ಸಿನ ಹಲಗೆಯಿಂದಲೂ ಅಷ್ಟೇ.

ಅರಳುತುದಿಯ ಉಪಯೋಗವು ಇಲ್ಲಿ ತಿಳಿಯಬರುವುದು. ಗೆರೆಯ ತೂಕವನ್ನು ಹೊಟ್ಟೆಯ ಕಡೆಯಿಂದ ತೆಗೆದು ತುದಿಗೆ, ತಲೆಕಟ್ಟಿಗೆ, ಹೊರಬಾಗಿಗೆ ಸಾಗಿಸಿದರೆ ಅಕ್ಷರವು ದಪ್ಪವಾಗಿಯೇ ಕಾಣುತ್ತದೆ. ಒಳಗಿನ ಬಯಲು ಮಾತ್ರ ಬಯಲಾಗಿಯೇ ಉಳಿಯುತ್ತದೆ. ಯೂರೋಪಿನಲ್ಲಿ ಈ ಮರ್ಮವನ್ನು ಚೆನ್ನಾಗಿ ಅರಿತವರಲ್ಲಿ ಬರ್ತೊಲ್ಡ್ ವೋಲ್ಪೆ ಒಬ್ಬನು. ಜರ್ಮನಿಯ ಆಫೆನ್‌ಬಾಖ್‌ನಲ್ಲಿ 1905ರಲ್ಲಿ ಹುಟ್ಟಿ, ಲೋಹದ ಕೆಲಸವನ್ನು ಕಲಿತು, ಕಂಚಿನ ಫಲಕಗಳಲ್ಲಿ ಅಕ್ಷರ ಕೊರೆಯುತ್ತಿದ್ದವನು. ಕಲ್ಲಿನಲ್ಲಿ ಅಕ್ಷರವನ್ನೇ ಕೊರೆಯುವುದು ರೂಢಿ. ಇವನು ಅಕ್ಷರದ ಸುತ್ತಲಿನ ಲೋಹವನ್ನು ಕೆತ್ತಿ ತೆಗೆದು ಅಕ್ಷರವನ್ನು ಉಬ್ಬಾಗಿ ನಿಲ್ಲಿಸುತ್ತಿದ್ದನು. ಹಾಗೆ ಮಾಡುವಾಗ ನವುರಾದ ಕಟ್ಟುಗಳು ನಿಲ್ಲಲಾರವು. ದಪ್ಪನೆಯ ಗೆರೆ, ಸರಳವಾಗಿ ಅರಳಿದ ತುದಿ, ಇಷ್ಟೇ ಸಾಧ್ಯ. ಲಂಡನ್ನಿನ ಮೊನೊಟೈಪ್ ಸಂಸ್ಥೆಯ ಸ್ಟ್ಯಾನ್ಲಿ ಮಾರಿಸನ್ನನು ಈ ಫಲಕಗಳನ್ನು ಮೆಚ್ಚಿ ಅದನ್ನೇ ಅಚ್ಚುಮೊಳೆಯಾಗಿಸಬೇಕೆಂದು 1932ರಲ್ಲಿ ಕೇಳಿಕೊಂಡನು. ಹೀಗೆ ಹುಟ್ಟಿದ ಆಲ್ಬರ್ಟಸ್ ಎಂಬ ಅಕ್ಷರವು 1935ರಿಂದ ಹೊರಬಂದಿತು. ವೋಲ್ಪೆಯು ಯೆಹೂದ್ಯನಾದ ಕಾರಣ ಅದೇ ವರ್ಷ ಸ್ವದೇಶವನ್ನು ಬಿಟ್ಟು ಇಂಗ್ಲೆಂಡಿಗೆ ಬರಬೇಕಾಯಿತು. ಆಶ್ರಯವಿತ್ತ ಊರಿಗೆ ಅವನ ಅಕ್ಷರವು ಸಲ್ಲಿಸಿದ ಸೇವೆಯನ್ನು ಲಂಡನ್ ನಗರದ ಹಳೆಯ ಭಾಗದ ಬೀದಿಗಳ ಹೆಸರಿನ ಫಲಕಗಳಲ್ಲಿ ಕಾಣಬಹುದು. ಲೋಹದ ಗುಣವನ್ನೂ ಉಳಿಯ ಗುಣವನ್ನೂ ಅನುಸರಿಸಿ ಅಕ್ಷರವನ್ನು ಕಲ್ಪಿಸಿದುದೇ ಅವನ ವಿಶೇಷ. ಪುಸ್ತಕದ ಅಕ್ಷರವನ್ನು ಅವನು ಉಬ್ಬಿಸಲಿಲ್ಲ.

ಕನ್ನಡದಲ್ಲಿ ಹಾಗೆ ಮಾಡಿದವರು ಇರಲಿಲ್ಲವೇ? ಇದ್ದರು, ಅವರ ಹೆಸರುಗಳು ಮಾತ್ರ ಯಾವ ಗ್ರಂಥದಲ್ಲಿಯೂ ಸೇರಲಿಲ್ಲ. ಅವರು ಊರೂರಿನ ಫಲಕ ಬರೆಯುವ ಪೈಂಟರರು. ಚಪ್ಪಟೆ ಕುಂಚವನ್ನು ಗೆರೆಯ ಮೊದಲಿಗೆ ಒತ್ತಿ, ನಡುವೆ ಹಗುರ ಮಾಡಿ, ಕೊನೆಯಲ್ಲಿ ತಿರುಗಿಸಿ ಎತ್ತುವ ಅವರ ಕೈಚಳಕದಲ್ಲಿ ತಲೆಕಟ್ಟು ತಾನಾಗಿಯೇ ಅರಳುತ್ತಿದ್ದಿತು. ತಾಳಗುಂದವನ್ನು ನೋಡದಿದ್ದರೂ ಅವರು ಕುಬ್ಜನ ಸಂತತಿಯವರೇ. ಪೈಂಟರನಿಗೆ ಠಕಾರದ ಚುಕ್ಕೆಗೆ ಎಡೆ ಸಾಲದೆಂದು ತೋರಿದರೆ ಅವನು ಅದೊಂದೇ ಅಕ್ಷರದ ಗೆರೆಯನ್ನು ಕೊಂಚ ತೆಳ್ಳಗೆ ಮಾಡುವನು. ಮೊಳೆಗೆ ಆ ವಿವೇಕವಿಲ್ಲ.

ಗಣಕಯಂತ್ರಕ್ಕಂತೂ ಮೊದಮೊದಲು ಇನ್ನೂ ಕಡಿಮೆಯಾಗಿದ್ದಿತು. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಕೀಲಿಮಣೆಯನ್ನು ಉಚ್ಚಾರಕ್ಕನುಗುಣವಾಗಿ ವ್ಯವಸ್ಥೆಗೊಳಿಸಿ, ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಕನ್ನಡದ ತಂತ್ರಾಂಶವನ್ನು ರಚಿಸಿ ಬಿಟ್ಟಿಯಾಗಿ ಕೊಟ್ಟರು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದಿತು. ಇವರ ಉಪಕಾರವು ದೊಡ್ಡದು. ಇವರಿಂದಾಗಿ ಮನೆಮನೆಯೂ ಅಚ್ಚುಕೂಟವಾಯಿತು. ಆದರೆ ದಪ್ಪಕ್ಷರವನ್ನು ಬೇರೆಯಾಗಿ ರಚಿಸದಿರುವಲ್ಲಿ ಯಂತ್ರವು ಗುಂಡಿಯೊತ್ತಿದೊಡನೆ ಇದ್ದ ಅಕ್ಷರಕ್ಕೆ ಸುತ್ತಲೂ ಸಮನಾಗಿ ಗೆರೆಯನ್ನು ಸೇರಿಸಿ ಉಬ್ಬಿಸಿಬಿಡುವುದು. ಪೈಂಟರನ ಕುಂಚವು ಮೂಲೆ ಸೇರಿತು. ಬಟ್ಟೆಯಂತಹ ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾದ ಫ್ಲೆಕ್ಸ್ ಫಲಕಗಳಲ್ಲಿ ಉಬ್ಬಿಸಿದ ಅಕ್ಷರಗಳು ಊರನ್ನೆಲ್ಲ ತುಂಬಿದುವು. ಗತಾನುಗತಿಕವಾದ ಲೋಕವು ಅದನ್ನೇ ಅಂದವೆಂದಿತು.

ಇತ್ತೀಚೆಗೆ ಈ ವಿಷಯದಲ್ಲಿ ಬುದ್ಧಿಪೂರ್ವಕವಾದ ಕೆಲಸವು ನಡೆದಿರುವುದು ಸಂತೋಷದ ಸಂಗತಿ. ಮುಂಬಯಿಯ ಏಕ್ ಟೈಪ್ ಎಂಬ ಅಕ್ಷರಶಿಲ್ಪಿಗಳ ಕೂಟವು ‘ಬಾಲೂ’ ಎಂಬ ತೋರಕ್ಷರವನ್ನು ಭಾರತದ ಹಲವು ಲಿಪಿಗಳಲ್ಲಿ ರಚಿಸಿತು; ಅದರ ಕನ್ನಡ ರೂಪವು ‘ಬಾಲೂ ತಮ್ಮ’. ಅದು ತುದಿಯಲ್ಲಿ ಅರಳುವುದಲ್ಲ, ಗುಂಡಗೆ ಮುಗಿಯುವುದು. ಆದರೂ ಮೊದಲಿನಿಂದಲೇ ದಪ್ಪವಾಗಿರಲೆಂದು ಕಲ್ಪಿಸಿದುದಾದ ಕಾರಣ ಒಳಬಯಲನ್ನು ಕಾಪಾಡಿಕೊಂಡಿದೆ. ಬೆಂಗಳೂರಿನ ವೈಷ್ಣವಿ ಮೂರ್ತಿಯವರು ಸ್ಪೇನಿನ ಹ್ವಾನ್ ಲೂಯಿಸ್ ಬ್ಲಾಂಕೋ ಎಂಬವರೊಡನೆ ಸೇರಿ ‘ಅಕಾಯ ಕನಡಕ’ವೆಂಬ ತಲೆಬರಹದ ಅಕ್ಷರವನ್ನು ರಚಿಸಿರುವರು. ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ಕೊಡಿಸಲು ದುಡಿದವರಲ್ಲಿಯೂ ಇವರು ಒಬ್ಬರೆಂಬುದು ಕರಾವಳಿಯವರು ನೆನೆಯಬೇಕಾದ ಮಾತು. ಆ ಸ್ಥಾನವು 2024ರಲ್ಲಿ ದೊರೆಯಿತು. ಓಲೆಯ ಕಟ್ಟುಗಳಲ್ಲಿ ಮಲಗಿದ್ದ ಅಕ್ಷರಗಳು ಇನ್ನು ಗಣಕದ ಪರದೆಯ ಮೇಲೆ ಏಳಬಹುದು.

ಕೊಲ್ಲೂರಿನಲ್ಲಿ ಈ ವಿಚಾರವು ಇನ್ನೊಂದು ಬಗೆಯಿಂದಲೂ ಪ್ರಸಕ್ತವಾಗಿದೆ. ಕೇರಳದಿಂದಲೂ ತಮಿಳುನಾಡಿನಿಂದಲೂ ಬರುವ ಯಾತ್ರಿಕರಿಗಾಗಿ ಇಲ್ಲಿನ ಫಲಕಗಳಲ್ಲಿ ಕನ್ನಡದ ಪಕ್ಕದಲ್ಲಿಯೇ ಮಲೆಯಾಳ, ತಮಿಳು, ದೇವನಾಗರಿಗಳು ನಿಲ್ಲುವುದುಂಟು. ಮಲೆಯಾಳಕ್ಕೆ ತಲೆಕಟ್ಟಿಲ್ಲ, ದೇವನಾಗರಿಯದು ಪದದ ಉದ್ದಕ್ಕೂ ಹಾಯುವ ಶಿರೋರೇಖೆ. ಕನ್ನಡದ ತಲೆಕಟ್ಟು ಅಕ್ಷರ ಅಕ್ಷರಕ್ಕೂ ಬೇರೆಯಾದುದು, ನೆತ್ತಿಯ ಮೇಲೆ ಕೊಂಚ ಹಾರುವಂತಹುದು. ಅದನ್ನು ಶಿರೋರೇಖೆಯೆಂಬಂತೆ ಒಂದೇ ಪಟ್ಟಿಯಾಗಿ ದಪ್ಪ ಬಳಿದರೆ ಕನ್ನಡವು ತನ್ನ ಮುಖವನ್ನೇ ಕಳೆದುಕೊಳ್ಳುವುದು.

‘ಕೊಲ್ಲೂರು’ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಮೂರೇ ಅಕ್ಷರ, ಆದರೆ ದಪ್ಪಕ್ಷರದ ಕಷ್ಟಗಳೆಲ್ಲ ಅದರಲ್ಲಿವೆ. ಮೊದಲನೆಯದರಲ್ಲಿ ಕಕಾರದ ಎರಡು ಹೊಟ್ಟೆಗಳು ಸಾಲದೆಂಬಂತೆ ಬಲಕ್ಕೆ ಒಕಾರದ ಕೊಂಬು. ನಡುವಣದು ಲಕಾರ, ಅದರ ಅಡಿಯಲ್ಲಿ ಒತ್ತು, ಪಕ್ಕದಲ್ಲಿ ದೀರ್ಘದ ಬಾಲ. ಒತ್ತಿಗೆ ಎಡೆಗೊಡಲು ಪಂಕ್ತಿಯ ಕೆಳಗೆ ಅರ್ಧ ಅಕ್ಷರದಷ್ಟು ಬಯಲು ಬೇಕು. ಫಲಕದ ಅಗಲವನ್ನು ಉಳಿಸಲು ಒತ್ತನ್ನು ಕುಗ್ಗಿಸುವವರೇ ಹೆಚ್ಚು, ಕುಗ್ಗಿಸಿದರೆ ಅದು ಮಸಿಯ ಕಲೆಯಂತಾಗುವುದು. ಕೊನೆಯ ರಕಾರವು ಬರಿಯ ದುಂಡು. ಮೂರಕ್ಕೂ ಒಂದೇ ದಪ್ಪವನ್ನು ಕೊಟ್ಟರೆ ನಡುವು ಕರ್ರಗೆ, ಕೊನೆಯು ಬೆಳ್ಳಗೆ. ಬಲ್ಲವನು ಒತ್ತಿನ ಗೆರೆಯನ್ನು ಮೇಲಿನ ಲಕಾರಕ್ಕಿಂತ ಒಂದು ಕೂದಲಷ್ಟು ತೆಳ್ಳಗೆ ಹಿಡಿದು ಅದರ ತುದಿಯನ್ನು ಮಾತ್ರ ಅರಳಿಸುವನು. ರಕಾರದ ತಲೆಕಟ್ಟನ್ನು ಕೊಂಚ ಭಾರವಾಗಿಸಿ ತಕ್ಕಡಿಯನ್ನು ಸರಿದೂಗಿಸುವನು. ಮಳೆಗಾಲದಲ್ಲಿ ಘಾಟಿಯ ಮಂಜಿನೊಳಗಿಂದ ಇಳಿದು ಬರುವ ಬಸ್ಸಿನ ಹಣೆಯ ಮೇಲೆ ಹಾಗೆ ಬರೆದ ಹೆಸರನ್ನು ನಿಲ್ದಾಣದಲ್ಲಿ ಕಾದವರು ದೀಪದ ಬೆಳಕು ಕಂಡೊಡನೆ ಓದಿಕೊಳ್ಳುವರು.